ಕಂಬದ ಹಣೆ

ಬಿದರೆಕೋಟೆಯಲ್ಲಿ ಜನರೇಟರುಗಳ ಸದ್ದು ನಿಂತು ಆರೇಳು ತಿಂಗಳಾಗಿತ್ತು. ಮೊದಮೊದಲು ಜನರಿಗೆ ಆ ಸದ್ದು ಇಲ್ಲದಿರುವುದೇ ಕಿರಿಕಿರಿಯಾಗಿತ್ತು. "ಕರೆಂಟು ಹೋಯ್ತೋ ಬಂತೋ ಅನ್ನೋದೇ ಗೊತ್ತಾಗಲ್ಲವಲ್ರೀ, ಇದೆಂಥ ಊರು!" ಎಂದು ಕಲ್ಯಾಣ ಮಂಟಪದ ಮಾಲೀಕರೊಬ್ಬರು ನಗರಸಭೆಗೇ ಬಂದು ಹೇಳಿ ಹೋಗಿದ್ದರು. ಆಮೇಲೆ ಎಲ್ಲರಿಗೂ ಒಗ್ಗಿಹೋಯಿತು. ಜನರೇಟರುಗಳು ಗುಜರಿಗೆ ಹೋದವು, ಮೆಟ್ಟಿಲ ಕೆಳಗಿನ ಯುಪಿಎಸ್ ಬ್ಯಾಟರಿಗಳು ಗುಜರಿಗೆ ಹೋದವು, ಅವಕ್ಕೆ ನೀರು ಹಾಕಲು ಮರೆತದ್ದು ಯಾರೆಂದು ಗಂಡಹೆಂಡಿರು ಆಡುತ್ತಿದ್ದ ಜಗಳವೂ ಅವುಗಳ ಜೊತೆಗೇ ಹೋಯಿತು.

ಇದಕ್ಕೆಲ್ಲ ಕಾರಣ ಯುಗಾದಿಯಂದು ಜಾರಿಗೆ ಬಂದ ನಿಯಮ. ಕಾರಿರುವ ಪ್ರತಿ ಮನೆಯಲ್ಲೂ, ಅಪಾರ್ಟ್‌ಮೆಂಟಿನ ಪ್ರತಿ ಪಾರ್ಕಿಂಗ್ ಜಾಗದಲ್ಲೂ, ಹೊಸ ಬಡಾವಣೆಯ ಪ್ರತಿ ನಿವೇಶನದಲ್ಲೂ ಎರಡು ದಾರಿಯ ಚಾರ್ಜರ್ ಇರತಕ್ಕದ್ದು. ಇಲ್ಲದಿದ್ದರೆ ನಕ್ಷೆಗೆ ಮಂಜೂರಾತಿ ಇಲ್ಲ, ನಲ್ಲಿಗೆ ನೀರಿಲ್ಲ. ಎದೆಯೆತ್ತರದ ಆ ಚಾರ್ಜರಿಗೆ ಜನ ಕಂಬ ಎಂದು ಹೆಸರಿಟ್ಟರು. ಕಾರು ಮನೆಗೆ ಬಂದೊಡನೆ ಕಂಬಕ್ಕೆ ಸಿಕ್ಕಿಸಬೇಕು. ಲೈನಿನಲ್ಲಿ ಕರೆಂಟಿದ್ದಾಗ ಕಂಬ ಕಾರಿಗೆ ಕುಡಿಸುತ್ತದೆ. ಲೈನು ಹೋದಾಗ ಕಾರಿನಿಂದ ಹೀರಿ ಬೀದಿಗೆ ಕೊಡುತ್ತದೆ. ಊರಿನ ಕಾರುಗಳೆಲ್ಲ ಸೇರಿದರೆ ಒಂದೇ ಒಂದು ಭಾರೀ ಬ್ಯಾಟರಿ. ಊರು ಅದರ ಮೇಲೆ ಅರ್ಧ ದಿನ ಆರಾಮಾಗಿ ನಡೆಯಬಲ್ಲದು.

ಆ ನಿಯಮದ ಕರಡು ಬರೆದವಳು ಧರಿತ್ರಿ. ನಗರಸಭೆಯ ವಿದ್ಯುತ್ ಶಾಖೆಯಲ್ಲಿ ಕಿರಿಯ ಇಂಜಿನಿಯರ್. ನಾಲ್ಕು ಜನರೆದುರು ಬಾಯಿ ಬಿಡಬೇಕೆಂದರೆ ಕಿವಿಯ ತುದಿ ಕೆಂಪಾಗುವ ಹುಡುಗಿ. ಸಭೆಯಲ್ಲಿ ಹೇಳಬೇಕಾದದ್ದನ್ನು ಮನೆಗೆ ಹೋಗುವ ದಾರಿಯಲ್ಲಿ ತನ್ನೊಳಗೇ ಹೇಳಿಕೊಳ್ಳುವವಳು. ಆದರೆ ಬರೆಯಲು ಕೂತರೆ ಮಾತು ಖಚಿತವಾಗಿ ಬರುತ್ತಿತ್ತು. ಎರಡು ನಿಯಮಗಳನ್ನು ಅವಳು ಹಟ ಹಿಡಿದು ಸೇರಿಸಿದ್ದಳು. ಒಂದು ಕಣ್ಣಿನದು. ಪ್ರತಿ ಕಂಬದ ನೆತ್ತಿಯ ಕೆಳಗೆ ನಾಣ್ಯದಗಲದ ಗಾಜಿನ ಕಣ್ಣೊಂದು ಇರಬೇಕು. ಮಗುವಿನ ಕೈಯೋ, ಹಸುವಿನ ಬಾಯೋ, ಒದ್ದೆ ಬಟ್ಟೆಯೋ ಹತ್ತಿರ ಬಂದರೆ ಅದು ನೋಡಿ ಕರೆಂಟು ತಡೆಯುತ್ತದೆ. ಕಣ್ಣಿಗೆ ಏನೂ ಕಾಣದಿದ್ದರೆ ಕಂಬ ಕೊಡಕೂಡದು, ಕೊಳ್ಳಕೂಡದು. ಇನ್ನೊಂದು, ಯಾರೂ ತಮ್ಮ ಕಾರಿನ ಕರೆಂಟನ್ನು ತಮ್ಮ ಮನೆಗಷ್ಟೇ ಇಟ್ಟುಕೊಳ್ಳಕೂಡದು. ಕೊಟ್ಟರೆ ಬೀದಿಗೆ, ಬೀದಿಯ ಅರ್ಧದಷ್ಟು ಕಂಬಗಳಾದರೂ ಕೂಡಿ ಕೊಡುವಂತಿದ್ದರೆ ಮಾತ್ರ. ಒಂಟಿ ಕಾರು ಇಡೀ ಬೀದಿಯನ್ನು ಹೊರಲು ಹೋದರೆ ಸುಟ್ಟುಹೋಗುತ್ತದೆ.

ಜನ ಗೊಣಗಿದ್ದು ಇವೆರಡಕ್ಕಲ್ಲ, ದಿಕ್ಕಿಗೆ. ಬೆಂಕಿಯ ಸಂಬಂಧದ್ದು ಆಗ್ನೇಯ ಮೂಲೆಯಲ್ಲೇ ಇರಬೇಕೆಂದು ಮನೆಮನೆಯಲ್ಲೂ ತಗಾದೆ. ಧರಿತ್ರಿ ತಿಂಗಳುಗಟ್ಟಲೆ ಕಾಂಪೌಂಡು ಕಾಂಪೌಂಡು ತಿರುಗಿ, ಕೊನೆಗೆ ಅದನ್ನೂ ನಿಯಮದಲ್ಲಿ ಸೇರಿಸಿದಳು. ವಾಸ್ತುವಿನವರೆಗೂ ಯೋಚಿಸಿದ್ದಾಯಿತು, ಇನ್ನೇನೂ ಉಳಿದಿಲ್ಲ ಎಂದುಕೊಂಡಿದ್ದಳು.

ಆಯುಧ ಪೂಜೆ ಬಂತು. ಕಂಬಗಳು ಬಂದ ಮೇಲೆ ಇದೇ ಮೊದಲನೆಯದು.

ಬೆಳಗ್ಗೆ ದೊಡ್ಡಮ್ಮ ನಡುಮನೆಯ ಕುರ್ಚಿಯಲ್ಲಿ ಕೂತು, ಮೂಗಿನ ನಳಿಕೆ ಸರಿಮಾಡಿಕೊಳ್ಳುತ್ತ ಅಪ್ಪಣೆ ಕೊಡುತ್ತಿದ್ದಳು. ಹೆಸರು ಸಾವಂತ್ರಮ್ಮ. ತಾಯಿಯಿಲ್ಲದ ಧರಿತ್ರಿಯನ್ನು ಎತ್ತಿ ಬೆಳೆಸಿದವಳು. ಬಿಸಿಯೂಟದ ಅಡುಗೆಮನೆಯಲ್ಲಿ ಸೌದೆ ಹೊಗೆ ಕುಡಿದು ಕುಡಿದು ಅವಳ ಪುಪ್ಪುಸ ಸುಕ್ಕುಗಟ್ಟಿ, ಈಗ ಆಕ್ಸಿಜನ್ ಮಿಷನ್ನೇ ಉಸಿರು. ಮಿಷನ್ನು ಮಂಚದ ಪಕ್ಕದಲ್ಲಿ ಗುರುಗುಟ್ಟುತ್ತಿರುತ್ತದೆ. ಅದರ ಉದ್ದನೆಯ ನಳಿಕೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ದೊಡ್ಡಮ್ಮನ ಪ್ರಪಂಚ. ಜಗಲಿಯ ಅಂಚಿಗೆ ಅದು ಮುಗಿಯುತ್ತದೆ.

"ಕಾರಿಗೆ ಇಟ್ಯಾ?"

"ಇಟ್ಟೆ ದೊಡ್ಡಮ್ಮ."

"ಮಿಕ್ಸಿಗೆ? ಹೊಲಿಗೆ ಮಿಷನ್ನಿಗೆ? ನನ್ನ ಈ ಉಸಿರಿನ ಡಬ್ಬಕ್ಕೆ?"

"ಎಲ್ಲಕ್ಕೂ ಆಯ್ತು. ನಂಗೆ ಹೊತ್ತಾಯ್ತು, ಕಂಟ್ರೋಲ್ ರೂಮಿಗೆ ಹೋಗ್ಬೇಕು."

"ಕಂಬಕ್ಕೆ?"

"ಕಂಬಕ್ಕೂನಾ?"

"ಯಾಕೆ, ಅದೇನು ಪಾಪ ಮಾಡಿತ್ತು? ಊರಿಗೆಲ್ಲ ಬೆಳಕು ಕೊಡೋದು ಅದೇ ಅಂತ ನೀನೇ ಕೊರೀತಿರ್ತೀಯ. ರಾಹುಕಾಲಕ್ಕೆ ಮುಂಚೆ ಮುಗಿಸು, ತಗೋ." ದೊಡ್ಡಮ್ಮ ಕುಂಕುಮದ ಬಟ್ಟಲನ್ನು ಮುಟ್ಟದೆ, ಅದಿದ್ದ ತಟ್ಟೆಯ ಅಂಚನ್ನು ಒಂದೇ ಬೆರಳಿನಿಂದ ಧರಿತ್ರಿಯ ಕಡೆಗೆ ನೂಕಿದಳು. ದೊಡ್ಡಪ್ಪ ಹೋದಾಗಿನಿಂದ ಅವಳು ನೂಕುವುದು ಹಾಗೆಯೇ.

ಜಗಲಿಯ ಪಕ್ಕದ ಕಂಬಕ್ಕೆ ಧರಿತ್ರಿ ಚೆಂಡುಹೂವಿನ ಸರ ಹಾಕಿದಳು. ಬೊಟ್ಟು ಎಲ್ಲಿಡುವುದು? ಬೆರಳು ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಒಳಗಿನಿಂದ ದೊಡ್ಡಮ್ಮನ ಧ್ವನಿ ಬಂತು: "ಹಣೆ ಎಲ್ಲಿದ್ಯೋ ಅಲ್ಲಿಡೆ. ಅದನ್ನೂ ಹೇಳ್ಕೊಡ್ಬೇಕಾ?" ನೆತ್ತಿಯ ಕೆಳಗೆ ದುಂಡಗೆ, ನುಣ್ಣಗೆ ಒಂದು ಜಾಗ ಹೊಳೆಯುತ್ತಿತ್ತು. ಗಂಧ ಹಚ್ಚಿ, ಮೇಲೆ ಕುಂಕುಮ ಒತ್ತಿದಳು. ಚೆನ್ನಾಗಿ ಕಂಡಿತು. ಸರದ ಹೂಗಳ ಹಿಂದೆ ಹಸಿರು ದೀಪ ಆರಿದ್ದನ್ನು ಅವಳು ನೋಡಲಿಲ್ಲ. ಆಗಲೇ ಮನಸ್ಸು ಆಫೀಸಿನಲ್ಲಿತ್ತು.

ಎದುರುಮನೆಯ ಲೋಲಾಕ್ಷಮ್ಮ ತಮ್ಮ ಕಂಬಕ್ಕೆ ರವಿಕೆ ಕಣವನ್ನೇ ಉಡಿಸಿದ್ದರು. "ನೋಡೇ ಧರಿತ್ರಿ, ಹೆಂಗಿದೆ ನಮ್ಮನೆ ಹೆಣ್ಣು?" ಎಂದು ಕೂಗಿ ನಕ್ಕರು. ಇವಳೂ ನಕ್ಕಳು.

ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಊರಿನ ನಕ್ಷೆ. ಬೀದಿಬೀದಿಯೂ ಹಸಿರು ಗೆರೆ, ಕಂಬಕಂಬವೂ ಒಂದು ಚುಕ್ಕಿ. ಹಬ್ಬದ ದಿನ ಕಾರ್ಖಾನೆಗಳಿಗೆ ರಜೆ, ಕಾರುಗಳೆಲ್ಲ ಮನೆಯಲ್ಲಿ. ಇದಕ್ಕಿಂತ ಒಳ್ಳೆಯ ದಿನ ಸಿಕ್ಕದೆಂದು ಊರಿಗೆ ಬರುವ ದೊಡ್ಡ ಲೈನನ್ನು ಅವತ್ತು ರಿಪೇರಿಗೆ ಬಿಚ್ಚಿದ್ದರು. ಬಯಲಲ್ಲಿ ತಂತಿ ಹಿಡಿಯುವ ಹಳೆಯ ಪಿಂಗಾಣಿ ಬಿಲ್ಲೆಗಳನ್ನು ಇಳಿಸಿ, ತಂತಿ ನೆಲಕ್ಕೆ ಹಾಸಿ ಕೆಲಸ ನಡೆದಿತ್ತು. ಸಂಜೆಯೊಳಗೆ ಅದನ್ನು ಮತ್ತೆ ಏರಿಸುವಂತಿರಲಿಲ್ಲ. ಏರಿಸಬೇಕಾಗಿಯೂ ಇರಲಿಲ್ಲ, ಊರು ಕಾರುಗಳ ಮೇಲೆ ನಡೆಯುತ್ತಿತ್ತು.

"ನೋಡ್ರೀ, ನಮ್ಮ ಧರಿತ್ರಿ ಬ್ಯಾಟರಿ!" ಎಂದರು ಎಕ್ಸಿಕ್ಯುಟಿವ್ ಇಂಜಿನಿಯರ್ ಪರಮಶಿವಯ್ಯ. ಅವರು ರೇಷ್ಮೆ ಪಂಚೆಯಲ್ಲೇ ಬಂದಿದ್ದರು. ಕಂಪ್ಯೂಟರುಗಳಿಗೆಲ್ಲ ಪೂಜೆಯಾಗಿ, ಕೀಬೋರ್ಡಿನ ಮೇಲೆ ಮಂಡಕ್ಕಿ ಕಾಳು ಬಿದ್ದಿತ್ತು. ನಕ್ಷೆಯ ಪರದೆ ನೋಡಿಕೊಳ್ಳುವ ರುಬೀನಾ ಅದನ್ನು ಊದಿ ಊದಿ ಕೆಳಗೆ ಬೀಳಿಸುತ್ತಿದ್ದಳು.

ಆಗ ಕೋಟೆ ಬೀದಿ ಕಪ್ಪಾಯಿತು.

ಫ್ಯೂಸ್ ಇರಬೇಕೆಂದರು. ಅದರ ಹಿಂದೆಯೇ ಗಾಣಿಗರ ಬೀದಿ. ಆಮೇಲೆ ಹೊಸ ಬಡಾವಣೆಯ ಮೂರೂ ಅಡ್ಡರಸ್ತೆಗಳು ದೀಪ ಊದಿದ ಹಾಗೆ ಒಂದರ ಹಿಂದೊಂದು ಆರಿದವು. ಯಾವ ತಂತಿಯೂ ಹರಿದಿಲ್ಲ, ಎಲ್ಲೂ ಕಿಡಿಯಿಲ್ಲ. ಪ್ರತಿ ಚುಕ್ಕಿಯೂ ಒಂದೇ ಮಾತು ಹೇಳಿ ಮುಚ್ಚಿಕೊಳ್ಳುತ್ತಿತ್ತು: ಕಂಬ ಬೇರಾಗಿದೆ. ಕಂಬ ಬೇರಾಗಿದೆ. ಪರದೆಯ ತುಂಬ ಅದೇ ಸಾಲು ಮಳೆಯಂತೆ ಸುರಿಯತೊಡಗಿತು.

"ಏನ್ರೀ ಇದು? ಜನ ಎಲ್ಲ ಕಾರು ತಗೊಂಡು ಊರು ಬಿಟ್ಟು ಹೋಗ್ತಿದಾರಾ?"

ರುಬೀನಾ ರಸ್ತೆಯ ಕ್ಯಾಮೆರಾ ತೆರೆದಳು. ಕಾರುಗಳೆಲ್ಲ ಮನೆ ಮುಂದೆಯೇ ಇದ್ದವು, ಹೂವು ಮುಡಿದುಕೊಂಡು. ಅಷ್ಟರಲ್ಲಿ ಕ್ಯಾಮೆರಾವೂ ಹೋಯಿತು.

"ಹ್ಯಾಕ್ ಮಾಡಿದಾರೆ," ಎಂದರು ಪರಮಶಿವಯ್ಯ. "ಯಾರೋ ಹೊರಗಿಂದ ಒಂದೊಂದೇ ಬೀದಿ ಕೊಲ್ತಿದಾರೆ. ಲೈನು ಬಿಚ್ಚೋ ದಿನಾನೇ ಕಾದಿದಾರೆ ನೋಡಿ."

ಧರಿತ್ರಿಯ ಕಣ್ಣು ನಕ್ಷೆಯ ಒಂದೇ ಜಾಗದ ಮೇಲಿತ್ತು. ಹೊಂಡದ ಬೀದಿ, ಅವಳ ಬೀದಿ. ಅದು ಆಗಲೇ ಕಪ್ಪು. ಮಿಷನ್ನಿನೊಳಗಿನ ಪುಟ್ಟ ಬ್ಯಾಟರಿ ಮುಕ್ಕಾಲು ಗಂಟೆ ಬಂದರೆ ಪುಣ್ಯ. ಕರೆಂಟು ಹೋಗುವುದೇ ಇಲ್ಲವೆಂದ ಮೇಲೆ ಯಾಕೆಂದು, ಮನೆಯಲ್ಲಿದ್ದ ಸಿಲಿಂಡರನ್ನು ಬೇಸಿಗೆಯಲ್ಲೇ ಹಿಂದಿರುಗಿಸಿದ್ದರು. ಹಿಂದಿರುಗಿಸಿ ಎಂದವಳೂ ಅವಳೇ.

ನಕ್ಷೆಯಲ್ಲೀಗ ಉಳಿದದ್ದು ಎರಡೇ ಹಸಿರು ತುಣುಕು: ರೈಲ್ವೆ ಗೇಟಿನಾಚೆ ಚರ್ಚಿನ ರಸ್ತೆ, ಅದರ ಪಕ್ಕಕ್ಕೆ ಮಂಡಿ ಮೊಹಲ್ಲಾ.

ಪರಮಶಿವಯ್ಯ ಪರದೆಯಿಂದ ನಿಧಾನವಾಗಿ ಮುಖ ತಿರುಗಿಸಿದರು. "ರುಬೀನಾ, ನಿಮ್ಮನೆ ಇರೋದು ಮಂಡಿ ಮೊಹಲ್ಲಾದಲ್ಲಿ ಅಲ್ವೇನಮ್ಮ?"

"ಹೌದು ಸರ್."

"ನಿಮ್ಮ ಕಡೆ ಮಾತ್ರ ಹೆಂಗೆ ಉಳೀತು?"

ರುಬೀನಾ ಮೌಸ್ ಮೇಲಿದ್ದ ಕೈಯನ್ನು ಎತ್ತಿ, ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟಳು. ಜೊತೆಯಲ್ಲಿ ವರ್ಷಗಟ್ಟಲೆ ಡಬ್ಬಿ ಹಂಚಿಕೊಂಡು ಉಂಡವರೆಲ್ಲ ಆ ಕೈಯನ್ನೇ ನೋಡಿದರು.

ಧರಿತ್ರಿ ರುಬೀನಾಳ ಕೈ ನೋಡಲಾಗದೆ ತನ್ನ ಕೈ ನೋಡಿಕೊಂಡಳು. ಉಂಗುರದ ಬೆರಳಿನ ತುದಿ ಕೆಂಪಗಿತ್ತು.

ನೋಡುತ್ತಲೇ ನಿಂತಳು. ಬೆರಳು, ಬೊಟ್ಟು, ದುಂಡನೆಯ ನುಣ್ಣನೆಯ ಜಾಗ. ಹಣೆ ಎಲ್ಲಿದೆಯೋ ಅಲ್ಲಿ. ರಾಹುಕಾಲಕ್ಕೆ ಮುಂಚೆ, ಮನೆಮನೆಯಲ್ಲಿ, ಒಬ್ಬರಾದ ಮೇಲೆ ಒಬ್ಬರು.

"ಸರ್," ಎಂದಳು. ಯಾರಿಗೂ ಕೇಳಿಸಲಿಲ್ಲ. "ಸರ್!" ಈ ಸಲ ಕಿರುಚಿದ ಹಾಗೆ ಬಂತು. "ಹ್ಯಾಕ್ ಅಲ್ಲ ಸರ್, ಕುಂಕುಮ."

"ಏನಮ್ಮ?"

"ಕಣ್ಣಿನ ಮೇಲೆ ಬೊಟ್ಟಿಟ್ಟಿದಾರೆ. ಎಲ್ಲರೂ. ನಾನೂ ಇಟ್ಟಿದೀನಿ." ಅವಳು ಬೆರಳನ್ನು ಮುಂದೆ ಚಾಚಿದಳು. "ಕಣ್ಣು ಮುಚ್ಚಿದ ಕಂಬ, ಕಿತ್ತುಹಾಕಿದ ಕಂಬ, ಎರಡೂ ನಮಗಿಲ್ಲಿ ಒಂದೇ ಥರ ಕಾಣುತ್ತೆ. ಅದನ್ನ ಬೇರೆಬೇರೆ ತೋರಿಸ್ಬೇಕು ಅಂತ ನಮಗ್ಯಾರಿಗೂ ಹೊಳೀಲಿಲ್ಲ. ಚರ್ಚ್ ರೋಡಲ್ಲಿ, ಇವಳ ಮನೇಲಿ ಪೂಜೆ ಮಾಡಿಲ್ಲ. ಅಷ್ಟೇ ಸರ್. ಅಷ್ಟೇ."

ಪರಮಶಿವಯ್ಯ ಅವಳ ಬೆರಳು ನೋಡಿದರು. ಆಮೇಲೆ ತಾವೇ ಬೆಳಗ್ಗೆ ಕಂಪ್ಯೂಟರಿನ ಮೂಲೆಯಲ್ಲಿ, ಅಕ್ಷರ ಮುಚ್ಚದ ಹಾಗೆ ಜೋಪಾನವಾಗಿ ಇಟ್ಟಿದ್ದ ಬೊಟ್ಟು ನೋಡಿದರು. "ಅಯ್ಯೋ ಶಿವನೇ, ನಮ್ಮನೆಯವಳೂ ಇಟ್ಟಳು. ನಾನೇ ಮಂಗಳಾರತಿ ತಗೊಂಡೆ."

ಆ ಕ್ಷಣಕ್ಕೇ ಚರ್ಚಿನ ರಸ್ತೆಯೂ ಮಂಡಿ ಮೊಹಲ್ಲಾವೂ ಆರಿದವು. ಊರಿನ ಟವರು, ಸಿಗ್ನಲ್ಲು, ಪಂಪುಗಳ ಭಾರವೆಲ್ಲ ಆ ಎರಡು ಬೀದಿಗಳ ಕಾರುಗಳ ಮೇಲೆ ಬಿದ್ದು, ಅವೂ ಕೈಬಿಟ್ಟಿದ್ದವು. ನಕ್ಷೆ ಪೂರ್ತಿ ಕಪ್ಪಾಯಿತು. ರುಬೀನಾ ಮೇಜಿನ ಮೇಲಿಂದ ಕೈ ತೆಗೆದು, "ಈಗ ಸಮಾಧಾನ ಆಯ್ತಾ ಸರ್?" ಎಂದಳು.

ಫೋನುಗಳು ಸತ್ತಿದ್ದವು. ಟವರುಗಳೂ ಈ ಕಂಬಗಳನ್ನೇ ನಂಬಿದ್ದವು. ಊರಿಗೆ ಸುದ್ದಿ ಮುಟ್ಟಿಸುವುದು ಹೇಗೆ? "ಕಸದ ಆಟೋ," ಎಂದಳು ರುಬೀನಾ. "ಅದರಲ್ಲಿ ಮೈಕ್ ಇದೆ. ಎಲ್ಲ ಆಟೋ ಹಿಂದುಗಡೆ ಅಂಗಳದಲ್ಲೇ ಪೂಜೆಗೆ ನಿಂತಿವೆ. ಧರಿ, ನೀನು ನಿನ್ನ ಬೀದಿಗೆ ಓಡು, ಮಿಕ್ಕಿದ್ದಕ್ಕೆಲ್ಲ ನಾನು ಕಳಿಸ್ತೀನಿ."

ಹೊಂಡದ ಬೀದಿಯ ಕಸ ಎತ್ತುವ ಮಂಗಳಕ್ಕ ತನ್ನ ಆಟೋಗೆ ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆಯಲು ಕೈಯೆತ್ತಿದ್ದಳು. ವಿಷಯ ಕೇಳಿ ಕುಂಬಳಕಾಯಿಯನ್ನು ಹಾಗೇ ಸೀಟಿನ ಕೆಳಗೆ ತುರುಕಿ, ಧರಿತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ನಿಂಬೆಹಣ್ಣು ಪಚ್ಚೆಂದಿತು.

"ಅವ್ವಾ, ದಿನಾ ಹಸಿ ಕಸ ಬೇರೆ ಒಣ ಕಸ ಬೇರೆ ಅಂತ ಬಡ್ಕೊಂಡ್ರೇ ಕೇಳಲ್ಲ ಈ ಜನ. ಹಬ್ಬದ ದಿನ ಕುಂಕುಮ ಅಳಿಸಿ ಅಂದ್ರೆ ಕೇಳ್ತಾರಾ? ನನ್ನ ಪೊರಕೆ ನನಗೇ ತಿರುಗ್ಸಿ ಹೊಡೀತಾರೆ."

ಧರಿತ್ರಿಗೆ ಆಗ ಹೊಳೆಯಿತು ಅದು. ಅಲ್ಲಿಯವರೆಗೆ ಅವಳ ತಲೆಯಲ್ಲಿದ್ದದ್ದು ಗಾಜು, ಗಾಜಿನ ಮೇಲಿನ ಪುಡಿ, ಅದನ್ನು ಒರೆಸುವುದು. ಕುಂಕುಮ ಅಳಿಸುವುದು ಎಂಬ ಮಾತನ್ನು ಅವಳು ಯೋಚಿಸಿರಲೇ ಇಲ್ಲ. ಆ ಮಾತನ್ನು ಮೈಕಿನಲ್ಲಿ, ಮುತ್ತೈದೆಯರ ಬೀದಿಯಲ್ಲಿ, ಇವತ್ತು ಹೇಳಬೇಕಿತ್ತು. ಅದೂ ಅವಳು.

ಬೀದಿಯ ತಿರುವಿನಲ್ಲಿ ಮಂಗಳಕ್ಕ ಮೈಕು ಕೈಗಿತ್ತಳು. ಗುಂಡಿ ಒತ್ತಿದರೆ ಮೊದಲು ಕಸದ ಹಾಡೇ ಮೊಳಗಿತು. ಜನ ಗಾಬರಿಯಿಂದ ಹೊರಗೆ ಬಂದರು. ಅಷ್ಟೂ ಮುಖಗಳು ಅವಳ ಕಡೆಗೆ. ಕಿವಿ ಕಾದವು.

"ನಮಸ್ಕಾರ. ಕರೆಂಟು ಹೋಗಿರೋದು ಯಾಕಂದ್ರೆ... ಕಂಬದ ಕಣ್ಣು ಕಾಣ್ತಿಲ್ಲ. ದಯವಿಟ್ಟು ಎಲ್ಲರೂ ಕಂಬದ ಕಣ್ಣು ಒರೆಸಿ."

"ಕಣ್ಣು ಯಾವುದಮ್ಮ?"

"ಬೊಟ್ಟಿಟ್ಟಿದೀರಲ್ಲ, ಅದೇ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ಬೀದಿಯ ಮುಖವೇ ಬದಲಾಯಿತು.

"ಅಂದ್ರೆ ಕುಂಕುಮ ಅಳಿಸಿ ಅಂತಾನಾ?" ಲೋಲಾಕ್ಷಮ್ಮ ತಮ್ಮ ಕಂಬಕ್ಕೆ ಅಡ್ಡ ನಿಂತರು. "ಹಬ್ಬದ ದಿನ, ಮನೆ ಬಾಗಿಲಲ್ಲಿ? ಏನು ಮಾತಾಡ್ತಿದೀಯ ಅಂತ ಗೊತ್ತಾ ನಿನಗೆ?"

"ಅಳಿಸೋದಲ್ಲ ಲೋಲಾಕ್ಷಮ್ಮಾವ್ರೆ, ಸ್ವಲ್ಪ ಪಕ್ಕಕ್ಕೆ ಸರಿಸಿ."

"ಸರಿಸೋದು ಅಂದ್ರೆ ಅಳಿಸೋದೇ ತಾನೆ! ನಮ್ಮೆಜಮಾನ್ರು ಹೋದ ತಿಂಗಳು ಎದೆಗೆ ಸ್ಟೆಂಟ್ ಹಾಕಿಸ್ಕೊಂಡು ಬಂದಿದಾರೆ. ಹಸಿ ಮೈ. ನಾನು ನನ್ನ ಕೈಯಾರ ಕುಂಕುಮ ಅಳಿಸ್ಲಾ? ಕರೆಂಟು ಸಂಜೆ ಬರ್ಲಿ, ನಾಳೆ ಬರ್ಲಿ. ನಮಗೇನು ಕತ್ತಲೆ ಹೊಸದಾ?"

"ಅದೂ ನಿಜ," ಎಂದರು ಯಾರೋ. "ಒಂದು ದಿನ ಫ್ಯಾನಿಲ್ಲದಿದ್ರೆ ಸತ್ತೋಗಲ್ಲ."

ಧರಿತ್ರಿ ಮೈಕಿನ ಮೇಲೆ ಕೈ ಮುಚ್ಚಿಕೊಂಡಳು. ಅವಳ ಮನೆಯ ಒಳಗಿನಿಂದ ಒಂದು ಸದ್ದು ಬರುತ್ತಿತ್ತು. ಪೀಂ ಎಂದು, ನಿಂತು, ಮತ್ತೆ ಪೀಂ ಎಂದು. ಮಿಷನ್ನು ಬೇಡುತ್ತಿತ್ತು. ಕಾರಿನಲ್ಲಿ ಆಸ್ಪತ್ರೆಗೆ ಒಯ್ಯೋಣವೆಂದರೆ, ದೊಡ್ಡಾಸ್ಪತ್ರೆ ಹೆದ್ದಾರಿಯಾಚೆ. ಸಿಗ್ನಲ್ ಸತ್ತು ದಾರಿಯೆಲ್ಲ ಗಾಡಿಗಳು ಹೆಣೆದುಕೊಂಡು ನಿಂತಿದ್ದನ್ನು ಬರುವಾಗಲೇ ನೋಡಿದ್ದಳು. ನಳಿಕೆಯಿಲ್ಲದೆ ಅಷ್ಟು ಹೊತ್ತು ದೊಡ್ಡಮ್ಮ ತಡೆಯುವುದಿಲ್ಲ. ತನ್ನ ಕಂಬವನ್ನು ಒರೆಸಬಹುದು. ಕಾರು ತುಂಬಿದೆ. ಆದರೆ ಅರ್ಧ ಬೀದಿ ಕಣ್ಣು ತೆರೆಯದೆ ಅದರಿಂದ ಒಂದು ಹನಿಯೂ ಹೊರಗೆ ಬಾರದು. ಯಾರೂ ತಮ್ಮ ಮನೆಗಷ್ಟೇ ಇಟ್ಟುಕೊಳ್ಳಕೂಡದು. ಎಷ್ಟು ಚೆಂದಾಗಿ ಬರೆದಿದ್ದಳು ಆ ಸಾಲನ್ನು! ಆ ದಿನ ತನ್ನ ಬಗ್ಗೆ ತನಗೇ ಹೆಮ್ಮೆಯಾಗಿತ್ತು.

"ನಮ್ಮ ದೊಡ್ಡಮ್ಮ," ಎಂದಳು ಮೈಕಿನಲ್ಲಿ. ಅವಳು ಉಗುಳು ನುಂಗಿದ್ದು ಬೀದಿಗೆಲ್ಲ ಕೇಳಿಸಿತು.

ಆಗ ಜಗಲಿಯ ಬಾಗಿಲು ಸರಿಯಿತು.

ದೊಡ್ಡಮ್ಮ ಗೋಡೆ ಹಿಡಿದು ಹೊರಗೆ ಬಂದಳು. ತುಟಿ ನೇರಳೆಗಟ್ಟಿತ್ತು. ಹಿಂದೆ ನಳಿಕೆ ನಡುಮನೆಯಿಂದ ಎಳೆದುಕೊಂಡು ಬಂದು, ಜಗಲಿಯ ಅಂಚಿಗೆ ಬಿಗಿಯಾಗಿ ನಿಂತಿತು. ಆಗಲೇ ಒಳಗಿನ ಪೀಂ ಸದ್ದು ಉದ್ದಕ್ಕೆ ಎಳೆದು ಸಣ್ಣಗಾಗಿ ನಿಂತುಹೋಯಿತು. ನಳಿಕೆಯಲ್ಲಿ ಏನೂ ಇರಲಿಲ್ಲ. ಅವಳು ಅದನ್ನು ಮೂಗಿನಿಂದ ತೆಗೆದು ಕೆಳಗೆ ಬಿಟ್ಟು, ಮತ್ತೊಂದು ಹೆಜ್ಜೆ ಇಟ್ಟಳು.

"ದೊಡ್ಡಮ್ಮ, ಬೇಡ!"

"ಸುಮ್ನಿರೆ." ಒಂದು ಉಸಿರಿಗೆ ಒಂದೆರಡು ಮಾತು ಮಾತ್ರ ಬರುತ್ತಿತ್ತು. "ಲೋಲಾಕ್ಷಿ. ನನ್ನ ಹಣೇದು ಅಳಿಸಿದ್ದು... ನಿಮ್ಮತ್ತೆ. ಈ ಜಗಲೀಲೇ. ನೀನು ಹೊಸ ಮದುವಣಗಿತ್ತಿ. ನೀರಿನ ಚೊಂಬು ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದೆ."

ಲೋಲಾಕ್ಷಮ್ಮನ ಕೈ ಬಾಯಿಗೆ ಹೋಯಿತು.

"ಅವತ್ತು ಯಾರೂ," ದೊಡ್ಡಮ್ಮ ಗಾಳಿಗಾಗಿ ಬಾಯಿ ತೆರೆದಳು, "ಯಾರೂ ಇಷ್ಟೊತ್ತು ಯೋಚ್ನೆ ಮಾಡ್ಲಿಲ್ಲ ಕಣೆ."

ಬಾಳೆಕಂದಿನ ಎಲೆ ಗಾಳಿಗೆ ಪಟಪಟ ಬಡಿದುಕೊಳ್ಳುವುದೊಂದೇ ಸದ್ದು. ಆ ಸದ್ದಿನಲ್ಲಿ ದೊಡ್ಡಮ್ಮ ತನ್ನ ಸೆರಗಿನ ತುದಿ ಹಿಡಿದು, ಅಷ್ಟು ವರ್ಷ ಮುಟ್ಟದಿದ್ದ ಕುಂಕುಮವನ್ನು ಕಂಬದ ಹಣೆಯಿಂದ ಒರೆಸಿದಳು. ಎರಡು ಸಲ, ಗಾಜು ಹೊಳೆಯುವ ಹಾಗೆ. ಬಿಳಿ ಸೆರಗು ಕೆಂಪಾಯಿತು. ಹಾಗೇ ಕಂಬವನ್ನು ತಬ್ಬಿಕೊಂಡು ಕುಸಿದು ಕೂತಳು. ಧರಿತ್ರಿ ಮೈಕು ಎಸೆದು ಓಡಿದಳು.

ಮೊದಲು ಕದಲಿದ್ದು ಲೋಲಾಕ್ಷಮ್ಮನಲ್ಲ, ಅವರ ಯಜಮಾನರು. ಎದೆಯ ಮೇಲೆ ಒಂದು ಕೈಯಿಟ್ಟುಕೊಂಡು ಮೆಲ್ಲಗೆ ಮೆಟ್ಟಿಲಿಳಿದು ಬಂದರು. "ಸರ್ಕೊಳೇ ಆ ಕಡೆ. ನನ್ನ ಆಯಸ್ಸೇನು ಕಂಬದ ಮೂತೀಲಿದ್ಯಾ?" ಎಂದು ಹೆಗಲ ಟವೆಲಿನಿಂದ ತಿಕ್ಕಿದರು. ಲೋಲಾಕ್ಷಮ್ಮ ಕಣ್ಣು ಮುಚ್ಚಿಕೊಂಡು ತಾಳಿ ಹಿಡಿದು ನಿಂತರು. ಏನೂ ಆಗಲಿಲ್ಲ. ಕಣ್ಣು ತೆರೆದು ಗಂಡನನ್ನು ಒಂದು ಸಲ ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಪಕ್ಕದ ಮನೆಗೆ ನುಗ್ಗಿ, ಆ ಮನೆಯವರು ಬೇಡ ಬೇಡವೆನ್ನುತ್ತಿದ್ದಂತೆಯೇ ಅವರ ಕಂಬವನ್ನು ತಮ್ಮ ರೇಷ್ಮೆ ಸೆರಗಿನಿಂದ ಒರೆಸಿದರು. ಬೀದಿ ಪೂರ್ತಿ ಓಡಾಡಿತು ಆಮೇಲೆ. ಮಂಗಳಕ್ಕ ಕಸದ ಆಟೋದ ಚಿಂದಿ ಬಟ್ಟೆ ಹಿಡಿದು ಬೀಗ ಹಾಕಿದ ಮನೆಗಳ ಕಾಂಪೌಂಡು ಹಾರಿದಳು.

ಕಂಬವೊಂದು ಗುಂಯ್ ಎಂದಿತು. ಅದರ ಪಕ್ಕದ್ದೂ. ಬೀದಿಯುದ್ದಕ್ಕೂ ಹೂವಿನ ಸರಗಳ ಹಿಂದೆ ಹಸಿರು ದೀಪಗಳು ಮೂಡಿದವು. ಒಳಗೆ ನಡುಮನೆಯಲ್ಲಿ ಮಿಷನ್ನು ಕೆಮ್ಮಿ, ಗುರುಗುಟ್ಟತೊಡಗಿತು. ಧರಿತ್ರಿ ದೊಡ್ಡಮ್ಮನನ್ನು ಜಗಲಿಯ ಅಂಚಿಗೆ ಎಳೆದುಕೊಂಡು, ನಳಿಕೆಯನ್ನು ಅವಳ ಮೂಗಿಗೆ ಒತ್ತಿ ಹಿಡಿದಳು. ನೇರಳೆ ತುಟಿಗೆ ಬಣ್ಣ ಬರುವವರೆಗೆ ಹಿಡಿದೇ ಇದ್ದಳು. ಬೆರಳು ಸೆಟೆದುಕೊಂಡು, ಆಮೇಲೂ ಬಿಡಲಿಕ್ಕಾಗಲಿಲ್ಲ.

ಹಬ್ಬ ಕಳೆದ ಮೇಲೆ ನಗರಸಭೆಯಲ್ಲಿ ಸಭೆ ನಡೆಯಿತು. ಪರಮಶಿವಯ್ಯ ಮೊದಲು ಎದ್ದು, ರುಬೀನಾಳ ಕಡೆ ತಿರುಗಿ, ಎಲ್ಲರೆದುರು ಕ್ಷಮೆ ಕೇಳಿದರು. ಅವಳು ತಲೆಯಾಡಿಸಿದಳು, ನಗಲಿಲ್ಲ. ಅವತ್ತು ಮಧ್ಯಾಹ್ನ ಅವಳು ಡಬ್ಬಿ ಬಿಚ್ಚಿದ್ದು ಧರಿತ್ರಿಯ ಮೇಜಿನ ಹತ್ತಿರ ಮಾತ್ರ.

ಕಂಬಕ್ಕೆ ಕುಂಕುಮ ಹಚ್ಚಿದರೆ ದಂಡ ಎಂಬ ನಿಯಮ ಬೇಕೆಂದು ಹಲವರು ಹೇಳಿದರು.

"ಯಾರೂ ಕೇಳಲ್ಲ ಸರ್," ಎಂದಳು ಧರಿತ್ರಿ. ಅವಳ ಕಿವಿ ಕೆಂಪಾಗಿತ್ತು, ಆದರೆ ಮಾತು ನಿಲ್ಲಲಿಲ್ಲ. "ಬೊಟ್ಟಿಡಬೇಡಿ ಅಂದ್ರೆ ಕದ್ದು ಇಡ್ತಾರೆ. ನಾನೇ ಇಡ್ತೀನಿ. ನಾವು ಅದಕ್ಕೆ ಕಣ್ಣು ಕೊಟ್ವಿ, ಹಣೆ ಕೊಡ್ಲಿಲ್ಲ."

ನಿಯಮಕ್ಕೆ ತಿದ್ದುಪಡಿ ಬಂತು. ಕಣ್ಣು ಮುಚ್ಚಿದ ಕಂಬ ನಕ್ಷೆಯಲ್ಲಿ ಹಳದಿಯಾಗಿ ಕಾಣತಕ್ಕದ್ದು. ಉಸಿರಿನ ಯಂತ್ರವಿರುವ ಮನೆಗೆ ಅದರ ಸ್ವಂತ ಕಾರಿನ ಕರೆಂಟು ಮೊದಲು ಸಲ್ಲತಕ್ಕದ್ದು. ಮತ್ತು ಮೂರನೆಯದು, ರಾಜಧಾನಿಯ ಕಚೇರಿಯಿಂದ ಇದೇನೆಂದು ಎರಡೆರಡು ಸಲ ಕೇಳಿಸಿಕೊಂಡದ್ದು: ಪ್ರತಿ ಕಂಬಕ್ಕೂ ಕಣ್ಣಿನಿಂದ ಒಂದು ಗೇಣು ಮೇಲಕ್ಕೆ, ಹಿತ್ತಾಳೆಯ ದುಂಡನೆಯ ಹಣೆ ಇರತಕ್ಕದ್ದು.

ಮರುವರ್ಷದ ಆಯುಧ ಪೂಜೆಯ ಬೆಳಗ್ಗೆ ಧರಿತ್ರಿ ಚೆಂಡುಹೂವಿನ ಸರ ಹಿಡಿದು ಜಗಲಿಗೆ ಬಂದಳು. ಎದುರುಮನೆಯಲ್ಲಿ ಲೋಲಾಕ್ಷಮ್ಮ ತಮ್ಮ ಕಂಬದ ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ದೊಡ್ಡಮ್ಮ ಕುರ್ಚಿಯನ್ನು ಅಂಚಿನವರೆಗೂ ಎಳೆಸಿಕೊಂಡು ಕೂತಿದ್ದಳು. ತಟ್ಟೆ ಅವಳ ತೊಡೆಯ ಮೇಲಿತ್ತು. ಧರಿತ್ರಿ ಅವಳು ತಟ್ಟೆಯನ್ನು ನೂಕಲಿ ಎಂದು ಕಾದಳು.

ದೊಡ್ಡಮ್ಮ ನೂಕಲಿಲ್ಲ. ಬಟ್ಟಲಿಗೆ ತಾನೇ ಬೆರಳದ್ದಿ, ನಳಿಕೆ ಎಟಕುವಷ್ಟು ಮುಂದಕ್ಕೆ ಬಾಗಿ, ಹಿತ್ತಾಳೆಯ ಹಣೆಯ ನಡುವೆ ಬೊಟ್ಟು ಒತ್ತಿದಳು. ಅದು ಸ್ವಲ್ಪ ಸೊಟ್ಟಗಾಯಿತು. ಆಮೇಲೆ ತನ್ನ ಬೆರಳಿನ ತುದಿಯ ಕೆಂಪನ್ನು ನೋಡಿಕೊಂಡಳು.

ಧರಿತ್ರಿ ಒರೆಸಿಕೊಳ್ಳಲು ಬಟ್ಟೆ ಚಾಚಿದಳು.

"ಇರ್ಲಿ ಬಿಡೆ," ಎಂದಳು ದೊಡ್ಡಮ್ಮ, ಬೆರಳನ್ನು ಅಂಗೈಯೊಳಗೆ ಮಡಿಚಿಕೊಳ್ಳುತ್ತ. "ಇದೂ ಯಾರಿಗಾದ್ರೂ ಅಡ್ಡ ಬರ್ತದಾ?"